ನೆತ್ತರಿಗೆ ತಡೆ: ಬೆಂಕಿಯಿಂದ ದಾರಕ್ಕೆ

ಶಸ್ತ್ರಚಿಕಿತ್ಸೆಯ ಚರಿತ್ರೆಯೆಂದರೆ ಹರಿತವಾದ ಅಲಗುಗಳ ಚರಿತ್ರೆಯೆಂದು ನಾವು ಭಾವಿಸುವುದುಂಟು. ಆದರೆ ಕೊಯ್ಯುವುದಕ್ಕಿಂತ, ಕೊಯ್ದ ಮೇಲೆ ಹರಿಯುವ ರಕ್ತವನ್ನು ತಡೆಯುವುದೇ ವೈದ್ಯನಿಗೆ ಕಠಿಣವಾದ ಪರೀಕ್ಷೆಯಾಗಿತ್ತು.

ನಮ್ಮ ಸುಶ್ರುತಸಂಹಿತೆ ಇದಕ್ಕೆ ನಾಲ್ಕು ಉಪಾಯಗಳನ್ನು ಹೇಳುತ್ತದೆ: ಒಗರು ದ್ರವ್ಯಗಳಿಂದ ಗಾಯವನ್ನು ಕೂಡಿಸುವ ಸಂಧಾನ, ತಂಪಿನಿಂದ ರಕ್ತವನ್ನು ಗಟ್ಟಿಯಾಗಿಸುವ ಸ್ಕಂದನ, ಬೂದಿಯನ್ನು ಬಳಸುವ ಪಾಚನ ಮತ್ತು ಸುಟ್ಟು ರಕ್ತನಾಳವನ್ನು ಕುಗ್ಗಿಸುವ ದಹನ. ಇಲ್ಲಿ ಉಪಾಯಗಳಿಗಿಂತ ಅವುಗಳ ಅನುಕ್ರಮ ದೊಡ್ಡದು. ಉಳಿದವು ಫಲಿಸದಿದ್ದಾಗ ಮಾತ್ರ ಬೆಂಕಿಯ ಸರದಿ.

ಹದಿನಾರನೆಯ ಶತಮಾನದ ಯೂರೋಪಿನಲ್ಲಾದರೋ, ಕೈಕಾಲು ಕತ್ತರಿಸಿದೊಡನೆ ಕಾದ ಕಬ್ಬಿಣವನ್ನು ಒತ್ತುವುದೇ ರೂಢಿ. ಫ್ರಾನ್ಸಿನ ಆಂಬ್ರೋಯ್ಸ್ ಪಾರೆ 1552ರಲ್ಲಿ, ಡಾಂವಿಲೇರ್ ಮುತ್ತಿಗೆಯ ವೇಳೆ, ಕಾಲು ಕತ್ತರಿಸಿದ ಗಾಯಾಳುವೊಬ್ಬನ ರಕ್ತನಾಳಗಳನ್ನು ಸುಡದೆ ದಾರದಿಂದ ಕಟ್ಟಿದನು. ದಾರ ಕಟ್ಟುವುದು ಗ್ಯಾಲೆನ್ ಮೊದಲಾದ ಪ್ರಾಚೀನರಿಗೂ ತಿಳಿದಿತ್ತು. ಅದನ್ನು ಅಂಗಚ್ಛೇದನಕ್ಕೆ ತಂದದ್ದು ಪಾರೆಯ ಧೈರ್ಯ. ನಾಳಗಳನ್ನು ಹಿಡಿಯಲು ಅವನು ಬಳಸಿದ ಇಕ್ಕಳಕ್ಕೆ 'ಕಾಗೆಯ ಕೊಕ್ಕು' ಎಂಬ ಹೆಸರಿತ್ತು. ಕ್ಷೌರಿಕ ವೃತ್ತಿಯಿಂದ ಮೇಲೆ ಬಂದ, ಲ್ಯಾಟಿನ್ ಅರಿಯದ ಈ ವೈದ್ಯನನ್ನು ಪ್ಯಾರಿಸಿನ ವೈದ್ಯ ಪಂಡಿತರು ಖಂಡಿಸದೆ ಬಿಡಲಿಲ್ಲ. ವಯೋವೃದ್ಧನಾಗಿದ್ದ ಪಾರೆ 1585ರಲ್ಲಿ ಅವರಿಗೆ ಉತ್ತರವಿತ್ತನು.

ಹಾಗೆಂದು ಪಂಡಿತರೆಲ್ಲ ಮೂಢರೆಂದೂ, ದಾರವು ನಿರ್ದೋಷಿಯೆಂದೂ ತಿಳಿಯಬಾರದು. ಗಾಯದಲ್ಲಿ ಉಳಿದ ದಾರದಿಂದ ಕೀವು ತುಂಬುತ್ತಿತ್ತು. ಜೋಸೆಫ್ ಲಿಸ್ಟರ್ 1869ರಲ್ಲಿ, ಕಾರ್ಬಾಲಿಕ್ ಆಮ್ಲದಿಂದ ಸಂಸ್ಕರಿಸಿದ, ಪ್ರಾಣಿಯ ಕರುಳಿನಿಂದ ಮಾಡಿದ ದಾರವನ್ನು ಪರಿಚಯಿಸಿದ ಬಳಿಕವೇ ದೇಹವು ತಾನೇ ಕರಗಿಸಿಕೊಳ್ಳುವ ಕಟ್ಟು ವೈದ್ಯರ ಕೈಗೆ ಬಂದಿತು.

ದಾರ ಕಟ್ಟಲಾಗದ ಎಡೆಗಳೂ ಇವೆ. ಮೂಳೆಯ ಸಣ್ಣ ರಂಧ್ರಗಳಿಗಾಗಿ ವಿಕ್ಟರ್ ಹಾರ್ಸ್ಲಿ 1892ರಲ್ಲಿ ಜೇನುಮೇಣದ ಮಿಶ್ರಣವನ್ನು ಮುಂದಿಟ್ಟನು. ಮಿದುಳಿನ ನಾಳಗಳಿಗೆ ಹಾರ್ವೆ ಕುಶಿಂಗ್ 1911ರಲ್ಲಿ ಬೆಳ್ಳಿಯ ಕ್ಲಿಪ್ಪುಗಳನ್ನು ತಂದನು. 1926ರಲ್ಲಿ ಬೋವಿಯ ವಿದ್ಯುತ್ ಯಂತ್ರವನ್ನೂ ಬಳಸಿದನು. ಪಾರೆ ಹೊರಗಟ್ಟಿದ ಬೆಂಕಿ ಹೀಗೆ ಹದವಾಗಿ ಮರಳಿ ಬಂದಿತೆನ್ನಬಹುದು! 1940ರ ದಶಕದಲ್ಲಿ ಆಕ್ಸಿಡೀಕೃತ ಸೆಲ್ಯುಲೋಸ್ ಮತ್ತು ಜೆಲಟಿನ್ ಸ್ಪಂಜುಗಳು ಬಂದವು.

ಆದರೆ ರಕ್ತ ನಿಂತಿತೆಂದರೆ ವೈದ್ಯನ ಹೊಣೆ ಮುಗಿಯಿತೇ? ಮೇಣವು ದೇಹದಲ್ಲಿ ಕರಗದು, ಮೂಳೆ ಕೂಡುವುದಕ್ಕೆ ಅಡ್ಡಿಯಾಗುತ್ತದೆ. ಜೆಲಟಿನ್ ಸ್ಪಂಜು ನಾಲ್ಕಾರು ವಾರಗಳಲ್ಲಿ ಕರಗಿದರೂ, ಒದ್ದೆಯಾದಾಗ ಉಬ್ಬಿ, ಇಕ್ಕಟ್ಟಿನ ಜಾಗದಲ್ಲಿ ನರವನ್ನು ಒತ್ತಬಹುದು. ದನದ ರಕ್ತದಿಂದ ತೆಗೆದ ಥ್ರಾಂಬಿನ್ ಕೆಲವರ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿ, ರಕ್ತಸ್ರಾವಕ್ಕೇ ಕಾರಣವಾದದ್ದುಂಟು.

ರೋಗಿಯ ಮನಸ್ಸಾಕ್ಷಿಗೆ ಸಂಬಂಧಿಸಿದ ಮಾತೂ ಒಂದಿದೆ. ಬಳಕೆಯಲ್ಲಿರುವ ಜೆಲಟಿನ್ ಸ್ಪಂಜುಗಳಲ್ಲಿ ಹಂದಿಯ ಚರ್ಮದಿಂದ ತಯಾರಾದವು ಇವೆ. ಕೆಲವರ ಧರ್ಮ, ಕೆಲವರ ಆಹಾರನಿಷ್ಠೆ ಇದನ್ನು ಒಪ್ಪದು. ಅರಿವಳಿಕೆಯಲ್ಲಿ ಮಲಗಿದವರನ್ನು ಕೇಳಲಾಗದು, ಮುನ್ನಾದಿನವೇ ಕೇಳಬೇಕು. ಸಸ್ಯಮೂಲದ ಸೆಲ್ಯುಲೋಸ್ ಅನೇಕ ಸಂದರ್ಭಗಳಲ್ಲಿ ಅದರ ಬದಲಿಗೆ ಒದಗುತ್ತದೆ.