ಮೈಸೂರು ಸೀಮೆಯಲ್ಲಿ ಎಚ್‌ಐವಿ ತಡೆಯ ಇತಿಹಾಸ: ಸಲಿಂಗಾಸಕ್ತರ ಆರೋಗ್ಯ ಮತ್ತು ಸಭೆಯ ಪಾಲನಾಸೇವೆ

ಮೈಸೂರು ಸೀಮೆಯ ಕ್ರೈಸ್ತ ಇತಿಹಾಸವನ್ನು ಓದಿದವರಿಗೆ ಅಬ್ಬೆ ದುಬಾಯ್ ಅವರ ಹೆಸರು ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಗೆ ಬಂದು, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡ ಈ ಫ್ರೆಂಚ್ ಪಾದ್ರಿಗಳನ್ನು ನಾವು ಅವರ ಗ್ರಂಥದಿಂದಾಗಿ ನೆನೆಯುತ್ತೇವೆ. ಅವರು ಸಿಡುಬಿನ ವಿರುದ್ಧ ಲಸಿಕೆ ಹಾಕಿಸುತ್ತ ಊರೂರು ತಿರುಗಿದ್ದನ್ನು ನೆನೆಯುವವರು ಕಡಿಮೆ. 1803–04ರ ಅವಧಿಯಲ್ಲಿ ಅವರ ಕಾರ್ಯದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಿದೆ. ಒಂದು ಶತಮಾನದ ಬಳಿಕ, 1906ರಲ್ಲಿ, ವೆಸ್ಲಿಯನ್ ಮಿಷನ್ನಿನವರು ಮೈಸೂರು ನಗರದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ರೋಗವನ್ನು ಅದು ಬರುವ ಮುನ್ನವೇ ತಡೆಯುವುದು ಸುವಾರ್ತಾಸೇವೆಗೆ ಹೊರತಾದ ಕೆಲಸವೆಂದು ಆ ಹಿರಿಯರು ಎಣಿಸಲಿಲ್ಲ. ಹೀಗಿರುವಾಗ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇನ್ನೊಂದು ರೋಗ ಬಂದಾಗ ನಮ್ಮ ಸಭೆಗಳು ಸಾಯುವವರ ಹಾಸಿಗೆಯ ಬಳಿಗೆ ಬಂದವೇ ಹೊರತು ಬದುಕಿರುವವರನ್ನು ಕಾಯುವ ಕೆಲಸಕ್ಕೆ ಬರಲು ಏಕೆ ತಡಮಾಡಿದವು ಎಂಬುದೇ ಈ ಲೇಖನದ ವಿಚಾರ.

1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರವೊಂದು ಲಾಸ್ ಏಂಜಲೀಸ್ ನಗರದ ಐವರು ಸಲಿಂಗಾಸಕ್ತ ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾವನ್ನು ವರದಿ ಮಾಡಿತು. ಇನ್ನೂ ಕಾರಣ ತಿಳಿಯದ ಆ ರೋಗಕ್ಕೆ ಕೆಲವು ಕಾಲ ಸಲಿಂಗಾಸಕ್ತರ ಹೆಸರನ್ನೇ ಅಂಟಿಸಲಾಗಿತ್ತು. ಭಾರತದಲ್ಲಿ 1986ರಲ್ಲಿ ಡಾ. ಸುನೀತಿ ಸೋಲೋಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರು ಮದರಾಸಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಈ ಸೋಂಕನ್ನು ಮೊದಲು ಗುರುತಿಸಿದರು. ಆದುದರಿಂದ ಇಲ್ಲಿನ ತಪ್ಪು ಬೇರೆಯ ಬಗೆಯದಾಯಿತು. ಪಶ್ಚಿಮದಲ್ಲಿ ‘ಇದು ಅವರ ರೋಗ’ ಎಂದರು. ನಮ್ಮಲ್ಲಿ ‘ಅಂಥವರು ನಮ್ಮಲ್ಲಿಲ್ಲ’ ಎಂದರು. ಎರಡನೆಯ ಮಾತೇ ಹೆಚ್ಚು ಕೇಡು ಮಾಡಿತೆಂದು ನಾವು ತಿಳಿಯುತ್ತೇವೆ. ದೂಷಿಸಲ್ಪಟ್ಟವನು ಕಣ್ಣಿಗಾದರೂ ಕಾಣುತ್ತಾನೆ. ಇಲ್ಲವೆನಿಸಿಕೊಂಡವನಿಗೆ ಯಾವ ಚಿಕಿತ್ಸಾಲಯದ ಬಾಗಿಲೂ ತೆರೆಯುವುದಿಲ್ಲ.

ಇಲ್ಲವೆನ್ನುವ ಈ ಮಾತಿಗೆ ಕಾನೂನಿನ ಬೆಂಬಲವೂ ಇತ್ತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಪುರುಷರ ನಡುವಿನ ಸಂಬಂಧವನ್ನು ಅಪರಾಧವಾಗಿಸಿತ್ತು. 1994ರಲ್ಲಿ ತಿಹಾರ್ ಸೆರೆಮನೆಯಲ್ಲಿ ಕೈದಿಗಳಿಗೆ ಕಾಂಡೋಮ್ ಕೊಡಲು ನಿರಾಕರಿಸಿದಾಗ, ಏಡ್ಸ್ ಭೇದಭಾವ ವಿರೋಧಿ ಆಂದೋಲನವೆಂಬ ದೆಹಲಿಯ ಗುಂಪು ಈ ಕಲಮನ್ನು ಮೊದಲ ಬಾರಿಗೆ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2001ರ ಜುಲೈ ತಿಂಗಳಲ್ಲಿ ಲಖನೌ ಪೊಲೀಸರು ಎಚ್‌ಐವಿ ತಡೆಯ ಕಾರ್ಯಕರ್ತರನ್ನೇ ಇದೇ ಕಲಮಿನಡಿ ಬಂಧಿಸಿದರು. ಅವರು ನಲವತ್ತಕ್ಕೂ ಹೆಚ್ಚು ದಿನ ಸೆರೆಯಲ್ಲಿದ್ದರು. ಅದೇ ವರ್ಷ ಕರ್ನಾಟಕದ ಪಿಯುಸಿಎಲ್ ಸಂಘಟನೆಯು ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿಯನ್ನು ಪ್ರಕಟಿಸಿತು. ಮುಂದೆ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ನಾಜ್ ಫೌಂಡೇಶನ್ನಿನ ಅರ್ಜಿ ವಿಚಾರಣೆಗೆ ಬಂದಾಗ ಒಂದೇ ಸರ್ಕಾರದ ಎರಡು ಇಲಾಖೆಗಳು ಎರಡು ಮಾತನಾಡಿದವು. ಗೃಹ ಇಲಾಖೆ ಕಲಮನ್ನು ಸಮರ್ಥಿಸಿತು. ಆರೋಗ್ಯ ಇಲಾಖೆಯ ಅಧೀನದ ನ್ಯಾಕೋ ಸಂಸ್ಥೆಯು 2006ರ ತನ್ನ ಪ್ರಮಾಣಪತ್ರದಲ್ಲಿ, ಪುರುಷರೊಡನೆ ಸಂಬಂಧವುಳ್ಳ ಪುರುಷರು ದೇಶದಲ್ಲಿ ಸುಮಾರು 25 ಲಕ್ಷ ಇರುವರೆಂದೂ, ಅವರಲ್ಲಿ ಸೋಂಕಿನ ಪ್ರಮಾಣ ಶೇಕಡ 8ನ್ನು ಮೀರಿದೆಯೆಂದೂ, ಶಿಕ್ಷೆಯ ಭಯವು ಅವರನ್ನು ಮರೆಗೆ ತಳ್ಳಿ ತಡೆಯ ಕಾರ್ಯವನ್ನು ಕೆಡಿಸುತ್ತಿದೆಯೆಂದೂ ಹೇಳಿತು. ಮುಂದಿನ ತೀರ್ಪುಗಳು, ಅಂದರೆ 2009, 2013 ಮತ್ತು 2018ರ ಏರಿಳಿತಗಳು, ವಾಚಕರಿಗೆ ತಿಳಿದವೇ ಆಗಿವೆ.

ನಮ್ಮ ಸೀಮೆಯಲ್ಲಿ ಕೆಲಸವು ನ್ಯಾಯಾಲಯಕ್ಕಾಗಿ ಕಾಯಲಿಲ್ಲ. 2004ರಲ್ಲಿ ಮೈಸೂರು ನಗರದಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ತಡೆಯ ಕಾರ್ಯ ಆರಂಭವಾಯಿತು; ಅದರಿಂದಲೇ ಅಶೋದಯ ಸಮಿತಿ ಹುಟ್ಟಿತು. ಇದರ ಸದಸ್ಯರು ಲೈಂಗಿಕ ವೃತ್ತಿಯಲ್ಲಿದ್ದವರೇ: ಮಹಿಳೆಯರು, ಪುರುಷರು, ಲಿಂಗಪರಿವರ್ತಿತರು ಮೂವರೂ ಒಂದೇ ಸಂಘದಲ್ಲಿ. ಹೊರಗಿನಿಂದ ಬಂದ ಉಪದೇಶಕರ ಬದಲು ಅವರವರ ನಡುವಿನವರೇ ಬಸ್ ನಿಲ್ದಾಣ, ಉದ್ಯಾನ, ಬೀದಿಗಳಲ್ಲಿ ತಮ್ಮವರನ್ನು ಹುಡುಕಿ, ಕಾಂಡೋಮ್ ಕೊಟ್ಟು, ಚಿಕಿತ್ಸಾಲಯಕ್ಕೆ ಕರೆತಂದರು. ಪೊಲೀಸರ ಕಿರುಕುಳವಾದಾಗ ಜೊತೆಗೆ ನಿಂತರು. ಸಮೀಕ್ಷೆಗಳಲ್ಲಿ ಇದರ ಫಲ ಕಂಡಿತು. ವೃತ್ತಿನಿರತ ಮಹಿಳೆಯರಲ್ಲಿ ಸಿಫಿಲಿಸ್ 2004ರಲ್ಲಿ ಶೇಕಡ 25 ಇದ್ದದ್ದು 2006ರ ಹೊತ್ತಿಗೆ 12ಕ್ಕೆ ಇಳಿದಿತ್ತು. ಎಚ್‌ಐವಿ ಶೇಕಡ 26ರಿಂದ 24ಕ್ಕೆ ಮಾತ್ರ. ಒಮ್ಮೆ ಬಂದ ಎಚ್‌ಐವಿ ಹೋಗುವುದಿಲ್ಲವಾದ್ದರಿಂದ ಆ ಅಂಕಿ ಮೆಲ್ಲನೆ ಇಳಿಯುವುದು ಸಹಜ. ಈ ಅಂಕಿಗಳು ಮಹಿಳೆಯರವು, ನಿಜ. ಆದರೆ ಪುರುಷರನ್ನು ತಲುಪಿದ ದಾರಿಯೂ ಇದೇ ಆಗಿತ್ತು. ತಮ್ಮನ್ನು ‘ಕೋಥಿ’ ಎಂದು ಕರೆದುಕೊಳ್ಳುವ ಪುರುಷರ ಭಾಷೆಯನ್ನು ಅರಿಯದ ಕಾರ್ಯಕರ್ತನಿಗೆ ಆ ಪದ ಕಿವಿಗೆ ಬಿದ್ದಾಗ ಮರದ ಮೇಲಿನ ಪ್ರಾಣಿಯೇ ನೆನಪಾಗುತ್ತಿತ್ತು. ಹೀಗಿದ್ದಲ್ಲಿ ಆಪ್ತಸಮಾಲೋಚನೆ ಎಲ್ಲಿಂದ ಬರಬೇಕು?

ಈ ಸಂಘದ ಇತಿಹಾಸದಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಸಂಗತಿಯುಂಟು. 2008ರ ಸುಮಾರಿಗೆ ಅವರು ವಿಶ್ವಬ್ಯಾಂಕಿನ ನೆರವಿನಿಂದ ಮೈಸೂರಿನಲ್ಲಿ ಊಟದ ಹೋಟೆಲೊಂದನ್ನು ನಡೆಸಿದರು. ಜಾತಿಯಿಂದಲೂ ಮಡಿಮೈಲಿಗೆಯಿಂದಲೂ ಯಾರು ಮಾಡಿದ ಅಡುಗೆ ಯಾರಿಗೆ ಸಲ್ಲುವುದೆಂಬ ಲೆಕ್ಕ ಇನ್ನೂ ಅಳಿಯದ ಸಮಾಜದಲ್ಲಿ, ಸೋಂಕಿತರು ಬಡಿಸಿದ ಅನ್ನವನ್ನು ಊರವರು ಉಣ್ಣುವುದು ಸಣ್ಣ ಮಾತಲ್ಲ. ಸುಂಕದವರೊಡನೆ ಊಟಕ್ಕೆ ಕುಳಿತದ್ದಕ್ಕಾಗಿ ನಮ್ಮ ಕರ್ತನ ಮೇಲೆ ಬಂದ ದೂರನ್ನು ಲೂಕನ ಸುವಾರ್ತೆಯಿಂದ ಪ್ರಸಂಗಿಸುವ ನಾವು, ಇಂಥ ಮೇಜನ್ನು ನಮ್ಮ ಸೀಮೆಯಲ್ಲಿ ಯಾರು ಮೊದಲು ಹಾಕಿದರೆಂಬುದನ್ನೂ ಹೇಳಬೇಕು.

ಆದರೆ ನಗರದ ಕಥೆ ಹಳ್ಳಿಯ ಕಥೆಯಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಂಪಲಾಪುರವಿದೆ. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿರುವ ಊರು. ಹರಾಜಿನ ತಿಂಗಳುಗಳಲ್ಲಿ ಬೇಲುಗಳನ್ನು ಹೊತ್ತ ವಾಹನಗಳು, ಖರೀದಿದಾರರು, ಹಮಾಲರು ಬಂದು ಸೇರುತ್ತಾರೆ. ಕೊಡಗಿನ ತೋಟಗಳಿಗೆ ಕೂಲಿಗೆ ಹೋಗಿಬರುವವರೂ ಇದೇ ದಾರಿಯವರು. ಇಂಥ ಊರಿನಲ್ಲಿ ಪುರುಷನನ್ನು ಬಯಸುವ ಪುರುಷನಿಗೆ ತನ್ನ ಬಯಕೆಗೊಂದು ಹೆಸರೂ ಸಿಕ್ಕಿರುವುದಿಲ್ಲ, ಸಂಘವಂತೂ ಇಲ್ಲ. ವಯಸ್ಸಿಗೆ ಬಂದೊಡನೆ ಮನೆಯವರು ಹೆಣ್ಣು ನೋಡುತ್ತಾರೆ, ಮದುವೆಯಾಗುತ್ತದೆ. ದಕ್ಷಿಣ ಕರ್ನಾಟಕದಲ್ಲಿ ನಡೆದ ಅಧ್ಯಯನಗಳು ಇಂಥ ಪುರುಷರಲ್ಲಿ ಅನೇಕರಿಗೆ ಸ್ತ್ರೀಯರೊಡನೆಯೂ ಸಂಬಂಧವಿರುವುದನ್ನು ತೋರಿಸಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಪರೀಕ್ಷೆಯಿದ್ದರೂ ಅಲ್ಲಿ ಚೀಟಿ ಬರೆಯುವವರು ನೆಂಟರೋ ನೆರೆಯವರೋ ಆಗಿರಬಹುದೆಂಬ ಅಂಜಿಕೆ ಅವನನ್ನು ಮೈಸೂರಿನ ಬಸ್ಸು ಹತ್ತಿಸುತ್ತದೆ, ಇಲ್ಲವೇ ಸುಮ್ಮನಿರಿಸುತ್ತದೆ. ಅವನು ಸುಮ್ಮನಿದ್ದರೆ ಅದರ ಬೆಲೆಯನ್ನು ಅವನ ಹೆಂಡತಿಯೂ ತೆರುತ್ತಾಳೆ.

ಅಪಾಯದ ಸ್ವರೂಪವನ್ನು ಸಭಾಪಾಲಕರು ನೇರವಾಗಿ ತಿಳಿದಿರಬೇಕು. ಗುದದ ಒಳಪದರ ತೆಳುವಾದುದು. ಸೋಂಕಿತ ಸಂಗಾತಿಯೊಡನೆ ರಕ್ಷಣೆಯಿಲ್ಲದೆ ನಡೆಯುವ ಗುದಸಂಭೋಗದಲ್ಲಿ ಸ್ವೀಕರಿಸುವವರಿಗೆ ಎಚ್‌ಐವಿ ತಗಲುವ ಸಂಭವ 10,000 ಸಲಕ್ಕೆ ಸುಮಾರು 138 ಎಂದೂ, ಯೋನಿಸಂಭೋಗದಲ್ಲಿ ಸ್ತ್ರೀಗೆ ಸುಮಾರು 8 ಎಂದೂ ಅಂದಾಜಿಸಿದ್ದಾರೆ. ಅಪಾಯವಿರುವುದು ವೈರಾಣುವಿನಲ್ಲಿ, ಈ ಪದರದಲ್ಲಿ, ಮನುಷ್ಯನ ಒಲವಿನಲ್ಲಲ್ಲ. ಸೋಂಕಿಲ್ಲದ ಇಬ್ಬರ ನಡುವೆ ಸೋಂಕು ಹುಟ್ಟಲಾರದು. ಕಾಂಡೋಮ್ ಮತ್ತು ಜಾರುಲೇಪ ಹಳೆಯ ಸಾಧನಗಳು. ಅಪಾಯವಾದ 72 ಗಂಟೆಗಳೊಳಗೆ ಆರಂಭಿಸಿ 28 ದಿನ ನುಂಗುವ ಔಷಧಿಯೂ ಉಂಟು. ಮೊದಲೇ ನುಂಗಿ ತಡೆಯುವ ಮಾತ್ರೆಯನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯ ಹೆಚ್ಚಿರುವ ಎಲ್ಲರಿಗೂ ಶಿಫಾರಸು ಮಾಡಿತು. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತ ಎಆರ್‌ಟಿ ಕೊಡುತ್ತಿದೆ. 2019ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ, ಒಬ್ಬನಿಗೆ ಮಾತ್ರ ಸೋಂಕಿದ್ದ 782 ಪುರುಷ ಜೋಡಿಗಳಲ್ಲಿ, ಔಷಧಿಯಿಂದ ವೈರಾಣು ಅಡಗಿದ್ದಾಗ ಸಂಗಾತಿಗೆ ಸೋಂಕು ದಾಟಿದ ಒಂದೇ ಒಂದು ಪ್ರಸಂಗವೂ ಕಾಣಲಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನೂ ಸಿಫಿಲಿಸ್ ಪರೀಕ್ಷೆಯನ್ನೂ ಮರೆಯಲಾಗದು.

ಸಭೆಗಳ ದಾಖಲೆ ಮಿಶ್ರವಾದುದು. ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳು ನಡೆಸುವ ಸ್ನೇಹದಾನವು ಬೇರೆಡೆ ಹಾಸಿಗೆ ಸಿಗದ ಎಚ್‌ಐವಿ ರೋಗಿಗಳನ್ನು ಒಳಗೆ ಕರೆದುಕೊಂಡಿತು. 2005ರಲ್ಲಿ ಕಥೋಲಿಕ ಬಿಷಪ್ಪರ ಮಂಡಳಿಯ ಆರೋಗ್ಯ ಆಯೋಗ ಎಚ್‌ಐವಿ ಕುರಿತ ನೀತಿಯನ್ನು ಪ್ರಕಟಿಸಿತು. ಮತ್ತೊಂದೆಡೆ, 2009ರ ತೀರ್ಪನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. ಅದೇ 2013ರಲ್ಲಿ ಮುಂಬಯಿಯ ಕಾರ್ಡಿನಲ್ ಗ್ರೇಸಿಯಸ್ ಅವರು, ಸಲಿಂಗಾಸಕ್ತರನ್ನು ಕಥೋಲಿಕ ಸಭೆ ಅಪರಾಧಿಗಳೆಂದು ಎಂದೂ ಎಣಿಸಿಲ್ಲವೆಂದು ಹೇಳಿದರು. 2010ರಲ್ಲಿ ಹದಿನಾರನೆಯ ಬೆನೆಡಿಕ್ಟರು ಸಂದರ್ಶನ ಗ್ರಂಥವೊಂದರಲ್ಲಿ, ಸೋಂಕು ದಾಟಿಸದಿರಲು ಕಾಂಡೋಮ್ ಬಳಸುವ ಪುರುಷ ವೇಶ್ಯೆಯ ನಡೆಯಲ್ಲಿ ಹೊಣೆಗಾರಿಕೆಯ ಮೊದಲ ಹೆಜ್ಜೆಯನ್ನು ಕಂಡಿದ್ದರು. ಅವರು ಬೋಧನೆಯನ್ನು ಬದಲಿಸಲಿಲ್ಲ; ಆದರೆ ತಡೆಯುವುದೇ ಪಾಪಕ್ಕೆ ಪ್ರೋತ್ಸಾಹವೆಂಬ ವಾದಕ್ಕೆ ಆ ಮಾತಿನ ಮುಂದೆ ಬಲವುಳಿಯದು. ಲೈಂಗಿಕ ನೀತಿಯ ಬಗ್ಗೆ ನಮ್ಮ ವಾಚಕರಲ್ಲಿ ಒಮ್ಮತವಿಲ್ಲವೆಂಬುದನ್ನು ಬಲ್ಲೆವು. ಸಿಡುಬಿನ ಲಸಿಕೆಗಾಗಿ ದುಬಾಯ್ ಅವರು ಯಾರ ನಡತೆಯ ಪತ್ರವನ್ನೂ ಕೇಳಲಿಲ್ಲ.

ಎರಡು ವಿಷಯಗಳಲ್ಲಿ ಪಾಲಕನು ನೇರವಾಗಿ ಹೊಣೆಗಾರನು. ಸಮಲಿಂಗಾಕರ್ಷಣೆಯನ್ನು ‘ಬಿಡಿಸಲು’ ಉಪವಾಸ ಪ್ರಾರ್ಥನೆಗೂ ದೆವ್ವ ಬಿಡಿಸುವವರಲ್ಲಿಗೂ ಯುವಕರನ್ನು ಕರೆತರುವ ತಂದೆತಾಯಂದಿರಿದ್ದಾರೆ. ಮದುವೆ ಮಾಡಿದರೆ ಸರಿಹೋದೀತೆಂಬವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಮದರಾಸು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ‘ಪರಿವರ್ತನ ಚಿಕಿತ್ಸೆ’ಯನ್ನು ವೈದ್ಯರ ವೃತ್ತಿದೋಷವೆಂದು ಸಾರಿತು. ವೈದ್ಯನಿಗೆ ನಿಷಿದ್ಧವಾದುದನ್ನು ಪಾಲಕನು ಪ್ರಾರ್ಥನೆಯ ಹೆಸರಿನಲ್ಲಿ ಮಾಡುವುದನ್ನು ನಾವು ಒಪ್ಪಲಾರೆವು. ಅವಮಾನದಿಂದ ಜೀವ ಕಳೆದುಕೊಳ್ಳುವುದೂ ಆರೋಗ್ಯದ ಅಪಾಯವೇ.

ಇನ್ನೊಂದು ಗುಟ್ಟಿನ ವಿಷಯ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು, ನಂಬಿಕೆಯ ಸಂಬಂಧದಲ್ಲಿ ತಿಳಿದುಬಂದ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ನಿಷೇಧಿಸುತ್ತದೆ. ಬುಧವಾರದ ಪ್ರಾರ್ಥನಾಕೂಟದಲ್ಲಿ ಹೆಸರು ಹಿಡಿದು ‘ಈ ಸಹೋದರನ ಕಾಯಿಲೆಗಾಗಿ’ ಎಂದು ವಿಜ್ಞಾಪಿಸುವುದು ಪ್ರೀತಿಯಿಂದಲೇ ಆದರೂ ಆ ಸಹೋದರನು ಮತ್ತೆ ಪಾಲಕನ ಬಳಿಗಾಗಲಿ ಆಸ್ಪತ್ರೆಗಾಗಲಿ ಬಾರದಂತೆ ಮಾಡಬಲ್ಲದು. ಹೆಂಡತಿಗೆ ತಿಳಿಸಬೇಕಾದ ಸಂದರ್ಭದಲ್ಲಿಯೂ, ಆತನೇ ತಿಳಿಸದಿದ್ದರೆ, ಕಾಯಿದೆ ಆ ಅಧಿಕಾರವನ್ನು ಕೆಲವು ಷರತ್ತುಗಳೊಡನೆ ವೈದ್ಯರಿಗೂ ಆಪ್ತಸಮಾಲೋಚಕರಿಗೂ ಮಾತ್ರ ಕೊಟ್ಟಿದೆ, ಪಾಲಕರಿಗಲ್ಲ. ಪಾಲಕರಿಂದ ಆಗಬಹುದಾದುದು, ಆತನೇ ಬಾಯಿಬಿಟ್ಟು ಹೇಳುವಂತೆ ಧೈರ್ಯ ತುಂಬಿ, ಬೇಕೆಂದರೆ ಮೈಸೂರಿನ ಬಸ್ಸಿನಲ್ಲಿ ಜೊತೆಗೆ ಕುಳಿತು ಎಆರ್‌ಟಿ ಕೇಂದ್ರದವರೆಗೆ ಹೋಗಿಬರುವುದು.