ಸುಂಕವೆರ್ಗಡೆಯಿಂದ ಪುರಸಭೆಯವರೆಗೆ

ಊರಿನ ಸಂತೆ, ದಾರಿ, ಮನೆ, ಅಂಗಡಿಗಳ ಮೇಲಿನ ತೆರಿಗೆಯನ್ನು ನಿರ್ಣಯಿಸತಕ್ಕವರು ಊರಿನವರೋ, ಮೇಲಣ ಅರಸೋ ಎಂಬ ಪ್ರಶ್ನೆಯು ಹೊಸದಲ್ಲ. ಕೌಟಿಲ್ಯನು ಶುಲ್ಕಾಧ್ಯಕ್ಷನಿಗೆ ಊರ ಮಹಾದ್ವಾರದ ಬಳಿ ಧ್ವಜಸಹಿತವಾದ ಶುಲ್ಕಶಾಲೆಯನ್ನು ವಿಧಿಸಿರುವನು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೆಲದಲ್ಲಿ ಈ ಪ್ರಶ್ನೆಯು ಸಾವಿರ ವರ್ಷಗಳಿಂದ ಬೇರೆ ಬೇರೆ ವೇಷದಲ್ಲಿ ಬಂದಿರುವದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಎಲ್ಲರಿಗೂ ತಿಳಿದ ಮಾತೇ ಸರಿ. ಆದರೆ ಕರದ ವಿಷಯಕ್ಕೆ ಕಲ್ಯಾಣ ಚಾಲುಕ್ಯರ ಕಾಲವೇ ಹೆಚ್ಚು ಬೆಳಕನ್ನು ಕೊಡುತ್ತದೆ. ಆ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ವ್ಯಾಪಾರದ ಸುಂಕಗಳೂ ಮನೆವಣ, ಗಾಣದೆರೆ, ಮಗ್ಗದೆರೆಗಳೂ ಮತ್ತೆ ಮತ್ತೆ ಬರುತ್ತವೆ. ಮುಖ್ಯ ಸುಂಕಗಳ ಮೇಲ್ವಿಚಾರಣೆಗೆ ಅರಸನ ಕಡೆಯ ಸುಂಕವೆರ್ಗಡೆಯಿದ್ದನು. ಊರ ಮಹಾಜನರು, ನಕರದ ವರ್ತಕರು ತಮ್ಮ ಪಾಲಿನ ಆಯವನ್ನು ದೇವಾಲಯಕ್ಕೆ, ಕೆರೆಗೆ, ಪಾಠಶಾಲೆಗೆ ಬಿಟ್ಟುಕೊಡುತ್ತಿದ್ದರು. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ 1058ರ ಶಾಸನವೊಂದುಂಟು. ಮಧುಸೂದನ ದಂಡನಾಯಕನು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ 200 ಮಂದಿ ವಿದ್ಯಾರ್ಥಿಗಳಿಗೂ, ಅವರ ಉಪಾಧ್ಯಾಯರಿಗೂ, 6 ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಯನ್ನು ಕಲ್ಪಿಸಿದನೆಂದು ಅದರಿಂದ ತಿಳಿಯುತ್ತದೆ. ಗ್ರಂಥಗಳನ್ನು ಕಾಯುವವರಿಗೂ ಸಂಬಳವಿದ್ದಿತೆಂಬುದನ್ನು ನಮ್ಮ ಈಗಿನ ವಾಚನಾಲಯಗಳ ಮೇಲಾಧಿಕಾರಿಗಳು ಓದಿದರೆ ಚೆನ್ನಾಗಿತ್ತು! ಇಂಥ ವೃತ್ತಿಗಳಲ್ಲಿ ಭೂಮಿಯ ಆದಾಯವು ಊರಿನಲ್ಲಿಯೇ ನಿಲ್ಲುತ್ತಿದ್ದಿತು. ರಾಜಧಾನಿಗೆ ಹೋಗಿ ಹಿಂದಿರುಗಿ ಬರಬೇಕಾಗಿರಲಿಲ್ಲ.

ನಿಜಾಮರ ಆಳಿಕೆಯಲ್ಲಿ ಸಾಲಾರಜಂಗನು 1865ರಲ್ಲಿ ಜಿಲ್ಲಾಬಂದಿಯನ್ನು ಏರ್ಪಡಿಸಿದ ಮೇಲೆ ಎಲ್ಲವೂ ತಾಲೂಕುದಾರನ ಕೈಗೆ ಬಂದಿತು. ತರುವಾಯ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವನ್ನೆತ್ತಿ, ರಸ್ತೆ ಶಾಲೆಗಳಿಗೆ ವೆಚ್ಚ ಮಾಡುವ ಪದ್ಧತಿಯು ಹುಟ್ಟಿತು. ಆದರೆ ಹೆಸರು ಸ್ಥಳೀಯ, ಹಿಡಿತ ಹೈದರಾಬಾದಿನದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹೊರಟಿತು. ಸೇಡಂ ಚಿತ್ತಾಪುರಗಳೂ ಆ ದಾರಿಯಲ್ಲಿಯೇ ಇರುವವು.

1956ರಲ್ಲಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯದಲ್ಲಿ ಸೇರಿತು. 1964ರ ಪುರಸಭೆಗಳ ಕಾಯಿದೆಯು ಜಾರಿಗೆ ಬಂದಿತು. ಯಾವ ಯಾವ ಕರಗಳನ್ನು ಹಾಕಬಹುದೆಂಬುದನ್ನು ಆ ಕಾಯಿದೆಯು ಹೇಳುತ್ತದೆ. ಸಭೆಯ ನಿರ್ಣಯವನ್ನು ಜಿಲ್ಲಾಧಿಕಾರಿಯು ತಡೆಹಿಡಿಯಬಹುದು. ನಗರ ಯೋಜನೆಯ ಕಾಯಿದೆಯು 1961ರದು. ಅದರ ಮೇರೆಗೆ ಸಿದ್ಧವಾದ ನಕಾಶೆಯೂ ಸರಕಾರದ ಒಪ್ಪಿಗೆಯಿಲ್ಲದೆ ಪ್ರಮಾಣವಾಗದು.

ಎಲ್ಲಕ್ಕಿಂತ ದೊಡ್ಡ ಪಲ್ಲಟವು ಆದದ್ದು ವ್ಯಾಪಾರದ ಕರದಲ್ಲಿ. ವೃತ್ತಿಗಳ ಮೇಲಿನ ತೆರಿಗೆಗೆ ಸಂವಿಧಾನದ 276ನೆಯ ಅನುಚ್ಛೇದವು ವರ್ಷಕ್ಕೆ 250 ರೂಪಾಯಿಯ ಮೇಲ್ಮಿತಿಯನ್ನು ಹಾಕಿತ್ತು. 1988ರ ತಿದ್ದುಪಡಿಯಿಂದ ಅದು 2500 ಆಯಿತು. ಅದಾದಮೇಲೆ ಬೆಲೆಗಳೆಷ್ಟು ಏರಿದರೂ ಆ ಮಿತಿಯು ಏರಿಲ್ಲ. ಇತ್ತ ಕರ್ನಾಟಕವು 1976ರಲ್ಲಿ ಕಾಯಿದೆ ಮಾಡಿ ಆ ತೆರಿಗೆಯ ವಸೂಲಿಯನ್ನು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಒಪ್ಪಿಸಿತು. ಪುರಸಭೆಗೆ ಉಳಿದದ್ದು ಅಂಗಡಿಗಳ ಪರವಾನಗಿಯ ಶುಲ್ಕ. 1979ರ ಏಪ್ರಿಲದಲ್ಲಿ ಆಕ್ಟ್ರಾಯ್, ಅಂದರೆ ಊರ ಬಾಗಿಲ ಸುಂಕವು, ರದ್ದಾಗಿ ಅದರ ಸ್ಥಾನದಲ್ಲಿ ರಾಜ್ಯದ ಪ್ರವೇಶ ತೆರಿಗೆಯು ಬಂದಿತು. ನಾಕೆಯ ಮುಂದೆ ಬಂಡಿಗಳು ಕಾಯುತ್ತಿದ್ದ ಕಷ್ಟವು ತೀರಿತೆಂಬುದು ನಿಜ, ವರ್ತಕರು ಸಂತೋಷಪಟ್ಟರು. ಆದರೆ ಪುರಸಭೆಯು ತನ್ನ ಬಾಗಿಲಲ್ಲಿ ತಾನೇ ಎತ್ತುತ್ತಿದ್ದ ಹಣಕ್ಕಾಗಿ ಬೆಂಗಳೂರಿನ ಅನುದಾನವನ್ನು ಎದುರುನೋಡಬೇಕಾಯಿತು. 2017ರ ಜುಲೈಯಲ್ಲಿ ಆ ಪ್ರವೇಶ ತೆರಿಗೆಯೂ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಮಹಾದ್ವಾರದ ಧ್ವಜವು ಮೊದಲು ಬೆಂಗಳೂರಿಗೆ, ಆ ಮೇಲೆ ದಿಲ್ಲಿಯ ಮಂಡಲಿಯ ನೆರಳಿಗೆ ಹೋಯಿತೆನ್ನಬೇಕು.

ನಡುವೆ 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ಒಂದು ಭರವಸೆಯನ್ನು ಕೊಟ್ಟಿತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ 18 ಕಾರ್ಯಗಳಿವೆ. ಮೊದಲನೆಯದು ನಗರ ಯೋಜನೆ, ಹದಿನೇಳನೆಯದರಲ್ಲಿ ಬೀದಿದೀಪ, ಬಸ್ ನಿಲ್ದಾಣಗಳ ಸಂಗಡ ವಾಹನ ನಿಲುಗಡೆಯ ತಾಣಗಳೂ ಬರುತ್ತವೆ. ಆದರೆ ಅವನ್ನು ಕೊಡುವುದು ಬಿಡುವುದು ರಾಜ್ಯ ಶಾಸನಸಭೆಯ ಇಚ್ಛೆ. ಮೋಟಾರು ಎಲ್ಲಿ ನಿಲ್ಲಬೇಕೆಂಬುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ ರಾಜ್ಯ ಸರಕಾರವಾಗಲಿ ಅದರ ಅಧಿಕಾರಿಯಾಗಲಿ ಗೊತ್ತುಪಡಿಸಬೇಕು. ಊರ ಸಂಸ್ಥೆಯೊಡನೆ ಸಮಾಲೋಚಿಸಿದರೆ ಸಾಕು.

ಇನ್ನು ವಾಡಿಯ ಮಾತು. ಜಂಕ್ಷನ್ನಿಗೆ ಜೊತೆಯಾಗಿ 1968ರಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆಯು ಆರಂಭವಾಯಿತು. ಶಹಾಬಾದದ ಕಾರ್ಖಾನೆಯಾದರೋ ಅದಕ್ಕೂ ಹಳೆಯದು. ರೈಲ್ವೆಯ ನೆಲವು ಕೇಂದ್ರದ ಆಸ್ತಿ. 285ನೆಯ ಅನುಚ್ಛೇದದ ಮೇರೆಗೆ, ಸಂವಿಧಾನಕ್ಕೆ ಮೊದಲೇ ಕರ ತೆರುತ್ತಿದ್ದವನ್ನುಳಿದು, ಅಂಥ ಆಸ್ತಿಗೆ ಪುರಸಭೆಯು ಕರ ಹಾಕಲಾರದು. ನಿಜಾಮರ ರೈಲ್ವೆಯು ಕೇಂದ್ರಕ್ಕೆ ಸೇರಿದ್ದು 1950ರ ಏಪ್ರಿಲದಲ್ಲಿ. ಕೇಂದ್ರದ ಆಸ್ತಿಗಳಿಗೆ ಕರದ ಬದಲು ಸೇವಾಶುಲ್ಕವೆಂದು, ದೊರೆಯುವ ಸೌಕರ್ಯಕ್ಕೆ ತಕ್ಕಂತೆ ಆಸ್ತಿಕರದ ನೂರಕ್ಕೆ 75, 50 ಇಲ್ಲವೆ 33ರಷ್ಟು ಕೊಡುವ ಏರ್ಪಾಡನ್ನು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಅಂಗೀಕರಿಸಿತು. ರೈಲ್ವೆಯ ನಿಮಿತ್ತದಿಂದಲೇ ಬೆಳೆದ ಊರು ರೈಲ್ವೆಯಿಂದ ಪೂರ್ಣ ಕರವನ್ನು ಕೇಳಲಾರದು. ಸೇವಾಶುಲ್ಕದ ಲೆಕ್ಕವನ್ನು ಬರೆದು, ಉತ್ತರ ಬರುವವರೆಗೆ ಕಾಯಬೇಕು.