ಕೈಯಲ್ಲಿ ಬಡಿದು ಮಾಡಿದ ‘ಫೈಟಿಂಗ್ ನೈಫ್’ ಮುರಿಯುವುದೇ ಇಲ್ಲವೇ? ಕತ್ತಿಯ ಗಟ್ಟಿತನ ಎಲ್ಲಿಂದ ಬರುತ್ತದೆ?

ಈ ತರಹದ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ, ಸುತ್ತಿಗೆಯ ಏಟು, ಕೊನೆಗೆ ಹೊಳೆಯುವ ಉದ್ದನೆಯ ಕತ್ತಿ. ಅದರಿಂದ ಮೊಳೆ ಕಡಿದು ತೋರಿಸುತ್ತಾರೆ. ಇದು ಲಾರಿ ಪಟ್ಟಿಯಿಂದ ಕೈಯಲ್ಲೇ ಮಾಡಿದ್ದು, ಕಾರ್ಖಾನೆ ಚಾಕು ಇದರ ಮುಂದೆ ಏನೂ ಅಲ್ಲ, ಜನ್ಮದಲ್ಲಿ ಮುರಿಯಲ್ಲ, ಬೇಕಿದ್ದರೆ ಫೋನ್ ಮಾಡಿ ಎಂಬ ಬರಹ ಬೇರೆ.

ಇದರಲ್ಲಿ ಅರ್ಧ ನಿಜ, ಅರ್ಧ ವ್ಯಾಪಾರ. ಒಳ್ಳೆಯ ಕಮ್ಮಾರ ಮಾಡಿದ ಕತ್ತಿ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಕೈಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಯಾವ ಕತ್ತಿಯೂ ಗಟ್ಟಿಯಾಗುವುದಿಲ್ಲ. ಉಕ್ಕಿನಲ್ಲಿ ಇಂಗಾಲ ಎಷ್ಟಿದೆ, ಅದನ್ನು ಹೇಗೆ ಕಾಯಿಸಿ ಹದ ಮಾಡಿದರು, ಅಲಗಿನ ಆಕಾರ ಹೇಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೊಪ್ಪಳ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲಿನ ಗೋರಿಗಳು ಕಬ್ಬಿಣ ಯುಗದವು. ಅಲ್ಲಿಂದ ಹೆಚ್ಚು ದೂರವಿಲ್ಲದ, ಆನೆಗೊಂದಿ ಬಳಿಯ ಕಡೇಬಾಗಿಲಿನಲ್ಲಿ (ಪುರಾತತ್ವ ವರದಿಗಳಲ್ಲಿ ‘ಕಡೆಬಕೆಲೆ’) ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರ ತಂಡ ಉತ್ಖನನ ನಡೆಸಿತ್ತು. ಸಿಕ್ಕಿದ ಕಬ್ಬಿಣದ ವಸ್ತುಗಳನ್ನು ಬೆಂಗಳೂರಿನ ಲೋಹ ವಿಜ್ಞಾನಿ ಶಾರದಾ ಶ್ರೀನಿವಾಸನ್ ಪರೀಕ್ಷಿಸಿದಾಗ ಇಂಗಾಲ ಹೆಚ್ಚಿರುವ ಉಕ್ಕು ಅದರಲ್ಲಿ ಕಂಡುಬಂತು. ಜಗತ್ತಿಗೆ ಹೆಸರಾದ ‘ವೂಟ್ಜ್’ ಎಂಬ ಪದ ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದು ಎಂದು ವಿದ್ವಾಂಸರು ಹೇಳುತ್ತಾರೆ.

ಈಗ ಇಂಗಾಲದ ವಿಷಯ. ಶುದ್ಧ ಕಬ್ಬಿಣ ಮೆತ್ತಗೆ, ಬಡಿದರೆ ಬಾಗುತ್ತದೆ. ಅದಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಕಾಯಿಸಿ ತಣಿಸಿದಾಗ ಗಡುಸಾಗುವ ಗುಣ ಬರುತ್ತದೆ. ಮನೆ ಕಟ್ಟುವ ಟಿಎಂಟಿ ಸರಳಿನಲ್ಲಿ ಇಂಗಾಲ ಶೇ 0.3ಕ್ಕಿಂತ ಹೆಚ್ಚಿರುವುದಿಲ್ಲ. ಅದನ್ನು ಬಡಿದು ಎಷ್ಟೇ ಚೆಂದದ ಕತ್ತಿ ಮಾಡಿದರೂ ಬಾಯಿ ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಮೊಂಡು. ಸರಳಿನ ಹೊರಪದರಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನವೂ ಕುಲುಮೆಗೆ ಹಾಕಿದ ಕೂಡಲೇ ಹೋಗುತ್ತದೆ. ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ 0.5ರಿಂದ 0.6. ಅದಕ್ಕೇ ನಮ್ಮ ಕಮ್ಮಾರರು ಕೊಡಲಿ, ಮಚ್ಚಿಗೆ ಆ ಪಟ್ಟಿಯನ್ನೇ ಹುಡುಕುವುದು. ಒಂದು ತೊಂದರೆಯಿದೆ. ವರ್ಷಗಟ್ಟಲೆ ಭಾರ ಹೊತ್ತು ಓಡಿದ ಲಾರಿಯ ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅನುಭವಿ ಕಮ್ಮಾರ ಪಟ್ಟಿಯನ್ನು ತಟ್ಟಿ ನೋಡಿ, ಸದ್ದು ಕೇಳಿ ಆರಿಸುತ್ತಾನೆ. ರೀಲ್ಸ್‌ಗಾಗಿ ಬಡಿಯುವವನಿಗೆ ಅಷ್ಟು ಪುರುಸೊತ್ತು ಎಲ್ಲಿ?

ಆದರೆ ಕತ್ತಿಯ ಜೀವ ಇರುವುದು ಸುತ್ತಿಗೆಯಲ್ಲಿ ಅಲ್ಲ, ಬೆಂಕಿಯಲ್ಲಿ. ಹೆಚ್ಚು ಏಟು ಬಿದ್ದಷ್ಟೂ ಗಟ್ಟಿ ಎನ್ನುವುದು ತಪ್ಪು. ಸುತ್ತಿಗೆ ಕೊಡುವುದು ಮುಖ್ಯವಾಗಿ ಆಕಾರ. ಉಕ್ಕನ್ನು ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ತಟ್ಟನೆ ತಣಿಸಿದಾಗ ಅದರೊಳಗಿನ ಹರಳುಗಳ ರಚನೆಯೇ ಬದಲಾಗುತ್ತದೆ. ಇಂಗಾಲ ಹೊರಗೆ ಬರಲಾಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಈ ರಚನೆಯ ಹೆಸರು ಮಾರ್ಟೆನ್‌ಸೈಟ್. ಶಾಖ ಸಾಕೇ ಎಂದು ನೋಡಲು ಕುಲುಮೆಯವರಿಗೆ ಮೀಟರ್ ಬೇಕಿಲ್ಲ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ಅದಕ್ಕಿಂತ ಇನ್ನೊಂದಿಷ್ಟು ಕಾಯಿಸಿದರಾಯಿತು. ಹಳಬರಿಗೆ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಅದಕ್ಕೇ ಕುಲುಮೆ ನೆರಳಿನಲ್ಲಿರುವುದು, ಬಿಸಿಲಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ.

ಹೀಗೆ ತಣಿಸಿದ ಅಲಗು ಗಾಜಿನಂತೆ. ಬಲು ಗಡುಸು, ಆದರೆ ಕೈಜಾರಿ ಬಂಡೆ ಮೇಲೆ ಬಿದ್ದರೆ ಪಟ್ ಎಂದು ಎರಡು ತುಂಡು. ಆದ್ದರಿಂದ ಅದನ್ನು ಮತ್ತೆ 200ರಿಂದ 300 ಡಿಗ್ರಿಯ ಹದವಾದ ಶಾಖಕ್ಕೆ ಇಡಬೇಕು. ಉಜ್ಜಿ ಹೊಳಪು ಮಾಡಿದ ಮೈ ಮೇಲೆ ಆಗ ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ಕೊನೆಗೆ ನೀಲಿ ಮೂಡುತ್ತದೆ. ಗಡಸುತನ ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆ ಗಳಿಸುವ ಕೆಲಸ ಇದು. ಎರಡೂ ಒಟ್ಟಿಗೆ ಪೂರ್ತಿಯಾಗಿ ಸಿಗುವುದಿಲ್ಲ. ಜನ್ಮದಲ್ಲಿ ಮೊಂಡಾಗದ, ಜನ್ಮದಲ್ಲಿ ಮುರಿಯದ ಕತ್ತಿ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ಈ ಎರಡನೇ ಶಾಖದ ಹಂತ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ, ಏಕೆಂದರೆ ಅದರಲ್ಲಿ ಕಿಡಿಯೂ ಇಲ್ಲ, ಹೊಗೆಯೂ ಇಲ್ಲ.

ಯಾವುದರಲ್ಲಿ ತಣಿಸಬೇಕು ಎಂಬುದಕ್ಕೂ ಕತೆಗಳು ಬಹಳ. ರಕ್ತದಲ್ಲಿ, ಮೂತ್ರದಲ್ಲಿ ಅದ್ದಿದರೆ ವಿಶೇಷ ಶಕ್ತಿ ಅಂತೆ. ನಿಜ ಸಂಗತಿ ಇಷ್ಟೇ: ಉಪ್ಪು ನೀರು ಬೇಗ ತಣಿಸುತ್ತದೆ, ಬರೀ ನೀರು ಅದಕ್ಕಿಂತ ನಿಧಾನ, ಎಣ್ಣೆ ಇನ್ನೂ ನಿಧಾನ. ಕಮಾನು ಪಟ್ಟಿಯ ಉಕ್ಕನ್ನು ನೀರಿಗೆ ಅದ್ದಿದರೆ ಬಿರುಕು ಬಿಡುವ ಭಯ, ಅದಕ್ಕೆ ಎಣ್ಣೆಯೇ ಸರಿ.

ಇನ್ನು ಆಕಾರ. ಗಂಗಾವತಿಯ ಭತ್ತದ ಗದ್ದೆಯ ಕುಡುಗೋಲು ತೆಳ್ಳಗೆ, ಹಗುರ. ಯಲಬುರ್ಗಾ, ಕುಷ್ಟಗಿಯ ಎರೆ ಹೊಲದಲ್ಲಿ ಜೋಳದ ದಂಟು ಕಡಿಯಲು ದಪ್ಪ ಬೆನ್ನಿನದು ಬೇಕು. ಅಲಗಿನ ದಪ್ಪ ಎರಡು ಪಟ್ಟಾದರೆ ಅದನ್ನು ಅಷ್ಟೇ ಬಾಗಿಸಲು ಎಂಟು ಪಟ್ಟು ಬಲ ಬೇಕು. ಹಾಗೆಂದು ದಪ್ಪ ಮಾಡುತ್ತಾ ಹೋದರೆ ಅದು ಕೊಯ್ಯುವುದಿಲ್ಲ, ಸೀಳುತ್ತದೆ ಅಷ್ಟೇ. ಫೈಟಿಂಗ್ ನೈಫ್ ಎಂದು ಮಾರುವ ಕತ್ತಿಗಳಿಗೆ ಚೂಪಾದ ಸಣ್ಣ ಮೊನೆ ಇರುತ್ತದೆ. ಡಬ್ಬಿ ಮುಚ್ಚಳ ಎಬ್ಬಲು ಹೋದರೆ ಮೊದಲು ಮುರಿಯುವುದು ಅದೇ. ಅಲಗಿನ ಮೇಲಿನ ಉದ್ದ ಗೀರನ್ನು ರಕ್ತ ಹರಿಯಲು ಮಾಡಿದ ಕಾಲುವೆ ಎನ್ನುತ್ತಾರೆ. ಅದು ಸುಳ್ಳು. ಬಿಗಿ ಹೆಚ್ಚು ಕಳೆಯದೆ ತೂಕ ಇಳಿಸಲು ಮಾಡಿದ ತೋಡು ಅದು.

ಅಲಗಿಗಿಂತಲೂ ಅಪಾಯ ಹಿಡಿಯಲ್ಲಿದೆ. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಹೋಗಿದ್ದರೆ ಭರವಸೆ ಇಡಬಹುದು. ಬೆರಳುದ್ದದ ಬಾಲವನ್ನು ಅಂಟು ಹಾಕಿ ಮರಕ್ಕೆ ತುರುಕಿದ್ದರೆ, ಜೋರಾಗಿ ಬೀಸಿದ ದಿನ ಅಲಗು ಕಳಚಿ ಹಾರುತ್ತದೆ, ಎದುರಿಗೆ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ. ಅಲಗು ಹಿಡಿಗೆ ಸೇರುವ ಕಡೆ ಚೌಕವಾದ ಮೂಲೆ ಕೊರೆದಿದ್ದರೂ ಬಿರುಕು ಅಲ್ಲಿಂದಲೇ ಶುರು. ಮೂಲೆ ಸ್ವಲ್ಪ ದುಂಡಗಿರಬೇಕು.

ಮೊಳೆ ಕಡಿದದ್ದು ಪುರಾವೆ ಅಲ್ಲವೇ? ಅಲ್ಲ. ಮೊಳೆ ಮೆತ್ತನೆ ಕಬ್ಬಿಣ, ಹದ ಮಾಡಿದ ಯಾವ ಉಕ್ಕೂ ಅದನ್ನು ಕಡಿಯುತ್ತದೆ. ನೀರಿನ ಅಲೆಯಂಥ ಗೆರೆಗಳ ‘ಡಮಾಸ್ಕಸ್’ ವಿನ್ಯಾಸವೂ ಅಷ್ಟೇ. ಈಗ ಆ ಹೆಸರಲ್ಲಿ ಬರುವ ಬಹುಪಾಲು ಕತ್ತಿಗಳು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಸಿಡ್ ಹಾಕಿದವು. ಕೆಲವು ಸಾದಾ ಸ್ಟೀಲ್ ಮೇಲೆ ಲೇಸರ್‌ನಿಂದ ಬರೆದವು. ಅಂಥದನ್ನು ಎಮರಿ ಕಾಗದದಲ್ಲಿ ತಿಕ್ಕಿದರೆ ಗೆರೆ ಅಳಿಸಿಹೋಗುತ್ತದೆ, ಮತ್ತೆ ಆಸಿಡ್ ಹಚ್ಚಿದರೂ ಬರುವುದಿಲ್ಲ. ಹಳೆಯ ವೂಟ್ಜ್ ಕತ್ತಿಯ ಗೆರೆಗಳ ಗುಟ್ಟು ಕಳೆದೇಹೋಯಿತು ಎನ್ನುವ ಫಾರ್ವರ್ಡ್ ಕೂಡ ಹಳತು. ಅದಿರಿನಲ್ಲಿದ್ದ ವನಾಡಿಯಂನಂಥ ಧಾತುಗಳ ಅತಿ ಸಣ್ಣ ಅಂಶವೇ ಆ ಗೆರೆಗಳಿಗೆ ಕಾರಣ ಎಂದು ಅಮೆರಿಕದ ಜಾನ್ ವರ್‌ಹೋವನ್ ಮತ್ತು ಕತ್ತಿ ತಯಾರಕ ಆಲ್ಫ್ರೆಡ್ ಪೆಂಡ್ರೆ 1998ರಲ್ಲಿ ವಿವರಿಸಿದರು, ಅಂಥ ಅಲಗುಗಳನ್ನು ತಾವೇ ಮಾಡಿಯೂ ತೋರಿಸಿದರು.

ಆರ್ಡರ್ ಮಾಡುವ ಮುನ್ನ ಕಾನೂನು ತಿಳಿದಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಅಡುಗೆ, ಬೇಸಾಯ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದವು ಬೇರೆ. ಅಂದರೆ ಹೊಲಕ್ಕೆ ಹೋಗುವ ಕುಡುಗೋಲಿಗೆ ತಕರಾರಿಲ್ಲ, ಕಾಳಗಕ್ಕೆಂದೇ ಮಾಡಿದ ಕತ್ತಿಗೆ ಆ ಮಾತು ಅನ್ವಯಿಸುವುದಿಲ್ಲ. ಕೈಯಲ್ಲಿ ಹಿಡಿದು ವಿಡಿಯೊ ಹಾಕುವುದೂ ತಮಾಷೆಯಲ್ಲ. ಮಚ್ಚು ಹಿಡಿದ ರೀಲ್ಸ್‌ಗಾಗಿ 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಟಿವಿ ಶೋ ಸ್ಪರ್ಧಿಗಳಿಬ್ಬರನ್ನು ಪೊಲೀಸರು ಬಂಧಿಸಿದ್ದರು.

ಸಂತೆಯಲ್ಲಿ ಮನೆಗೋ ಹೊಲಕ್ಕೋ ಕತ್ತಿ ಕೊಳ್ಳುವವರು ಒಂದು ಹಳೇ ಅರ ಒಯ್ಯಿರಿ. ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಬೆಣ್ಣೆಯಂತೆ ಕಚ್ಚಿದರೆ ಹದವೇ ಆಗಿಲ್ಲ, ಸ್ವಲ್ಪವೂ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಎರಡನೇ ಶಾಖ ತಪ್ಪಿದೆಯೇ ಎಂದು ಕೇಳಿ. ಕಷ್ಟಪಟ್ಟು ಸ್ವಲ್ಪ ಕಚ್ಚಬೇಕು. ಕೊಂಡ ಮೇಲೆ ಸಾಣೆ ಯಂತ್ರಕ್ಕೆ ಹಿಡಿಯುವಾಗ ಬಾಯಿ ನೀಲಿಯಾಯಿತೆಂದರೆ ಅಲ್ಲಿಯ ಹದ ಹೋಯಿತು ಎಂದೇ ಲೆಕ್ಕ. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟು ಆಗಾಗ ಅದ್ದುತ್ತಿರಿ.